ಸಮುದ್ರದಡಿ ಲ್ಯಾಬ್‌ನಲ್ಲೇ ವಾಸ ಇರೋ ವಿಜ್ಞಾನಿಗಳ ದಿನ ಹೇಗಿರುತ್ತೆ?

ಕಡಲಹುಚ್ಚು:
ಫ್ಲೋರಿಡಾದ ಕೀ ಲಾರ್ಗೋ ಹತ್ರ ನೀರೊಳಗೆ ಅಕ್ವೇರಿಯಸ್ ಅಂತ ಒಂದು ಲ್ಯಾಬ್ ಇದೆಯಲ್ಲ, ಅದರಲ್ಲಿ ಆರು ಜನ ವಾರಗಟ್ಟಲೆ ಇರ್ತಾರಂತೆ. ಬೋಟಲ್ಲಿ ಹೋಗಿ ಡೈವ್ ಮಾಡಿ ಸಂಜೆ ವಾಪಸ್ ಬರಬಹುದಲ್ವಾ, ಅಲ್ಲೇ ಯಾಕಿರ್ಬೇಕು? ಊಟ, ಸ್ನಾನ ಹೇಗೆ? ನೀರು ಒಳಗೆ ನುಗ್ಗಲ್ವಾ?

ಹವಳದಿಬ್ಬ:
ಟೈಮ್‌ಗೋಸ್ಕರ ಸರ್. ಸುಮಾರು 18 ಮೀಟರ್ ಆಳಕ್ಕೆ ಮೇಲಿಂದ ಇಳಿದವರಿಗೆ ಒಂದು ಗಂಟೆ ಸಿಕ್ಕಿದ್ರೆ ಹೆಚ್ಚು, ಅದಕ್ಕಿಂತ ಜಾಸ್ತಿ ಇದ್ರೆ ಮೈಯಲ್ಲಿ ನೈಟ್ರೋಜನ್ ಸೇರ್ಕೊಂಡಿರುತ್ತೆ, ಸೀದಾ ಮೇಲೆ ಬಂದ್ರೆ ಅದು ರಕ್ತದಲ್ಲಿ ಗುಳ್ಳೆ ಆಗಿ ಪ್ರಾಣಕ್ಕೇ ಬರಬಹುದು. ಆದ್ರೆ ಅಲ್ಲೇ ಉಳ್ಕೊಂಡ್ರೆ ಒಂದು ದಿನದೊಳಗೆ ಮೈ ಎಷ್ಟು ಹೀರ್ಕೋಬಹುದೋ ಅಷ್ಟು ಹೀರ್ಕೊಂಡು ನಿಲ್ಲುತ್ತೆ, ಸ್ಯಾಚುರೇಷನ್ ಅನ್ನೋದು ಇದಕ್ಕೇ. ಆಮೇಲೆ ಎರಡು ದಿನ ಇದ್ರೂ ಹತ್ತು ದಿನ ಇದ್ರೂ ಡಿಕಂಪ್ರೆಷನ್‌ಗೆ, ಅಂದ್ರೆ ಒತ್ತಡ ನಿಧಾನಕ್ಕೆ ಇಳಿಸಿ ಆ ನೈಟ್ರೋಜನ್ ಹೊರಹಾಕೋಕೆ, ಹಿಡಿಯೋ ಟೈಮ್ ಒಂದೇ, ಅಲ್ಲಿ ಸುಮಾರು 17 ಗಂಟೆ. ಹಾಗಾಗಿ ದಿನಕ್ಕೆ ಒಂಬತ್ತು ಗಂಟೆವರೆಗೂ ನೀರಲ್ಲಿ ಕೆಲಸ ಮಾಡ್ತಾರೆ!

ನೀರು ನುಗ್ಗಲ್ಲ, ಯಾಕಂದ್ರೆ ಒಳಗಿನ ಗಾಳಿ ಹೊರಗಿನ ನೀರಿನಷ್ಟೇ ಒತ್ತಡದಲ್ಲಿರುತ್ತೆ, ನಮ್ಮ ಗಾಳಿಗಿಂತ ಎರಡೂವರೆ ಪಟ್ಟು. ವೆಟ್ ಪೋರ್ಚ್ ಅನ್ನೋ ಕೋಣೆಯ ನೆಲ ತೆರೆದೇ ಇರುತ್ತೆ, ಅಲ್ಲಿಂದಲೇ ಇಳಿಯೋದು ಹತ್ತೋದು.

ಅಲೆಮನೆ:
ಆರರಲ್ಲಿ ಇಬ್ಬರು ಟೆಕ್ನಿಷಿಯನ್‌ಗಳು, ಅವರನ್ನ ಯಾರೂ ನೆನೆಯೋದೇ ಇಲ್ಲ! ಕರೆಂಟು, ಗಾಳಿ ಎರಡೂ ನೀರಿನ ಮೇಲೆ ತೇಲೋ ಬೋಯ್ ಅನ್ನೋ ತೇಲುವೇದಿಕೆಯಿಂದ ಪೈಪಲ್ಲಿ ಬರುತ್ತೆ, ಉಸಿರು ಬಿಟ್ಟ ಕಾರ್ಬನ್ ಡೈಆಕ್ಸೈಡ್ ತೆಗೆಯೋ ವ್ಯವಸ್ಥೆ ಸರಿ ಇದೆಯಾ ಅಂತ ನೋಡ್ತಾನೇ ಇರ್ಬೇಕು. ಬೆಂಕಿ ಹಚ್ಚೋ ಹಾಗಿಲ್ಲ, ಒಣಗಿಸಿದ ಊಟದ ಪ್ಯಾಕೆಟ್‌ಗೆ ಬಿಸಿನೀರು ಹಾಕಿ ತಿನ್ನೋದು ಇಲ್ಲ ಮೈಕ್ರೋವೇವ್, ರುಚಿ ಬೇರೆ ಸಪ್ಪೆ ಅನ್ಸುತ್ತಂತೆ. ಗಾಳಿ ದಪ್ಪ ಆಗಿರೋದ್ರಿಂದ ಸಿಳ್ಳೆ ಹೊಡೆಯೋಕೂ ಕಷ್ಟ. ಮೇಲಿಂದ ಕಳಿಸೋ ಸಾಮಾನು ಗಟ್ಟಿ ಡಬ್ಬೀಲಿ ಬರುತ್ತೆ, ಸುಮ್ನೆ ಚಿಪ್ಸ್ ಪ್ಯಾಕೆಟ್ ಒಯ್ದ್ರೆ ಒತ್ತಡಕ್ಕೆ ಅಪ್ಪಚ್ಚಿ. ಡೈವ್ ಮುಗಿಸಿ ಬಂದು ಸಿಹಿನೀರಿನ ಸ್ನಾನ, ಕಿವಿಗೆ ಡ್ರಾಪ್ಸ್, ಎಷ್ಟು ದಣಿದಿದ್ರೂ ಅದನ್ನ ಬಿಡಬಾರದು, ತೇವಕ್ಕೆ ಕಿವಿ ಚರ್ಮ ಬೇಗ ಕೆಡುತ್ತೆ.

ನೀಲಿಬೆಳಕು:
ಕ್ಯಾಮೆರಾ, ರೋಬೋಟ್ ಇರೋ ಕಾಲದಲ್ಲಿ ಇಷ್ಟೆಲ್ಲಾ ಬೇಕಾ?

ಹವಳದಿಬ್ಬ:
ಬೇಕು ಅಂತೀನಿ. ಕ್ಯಾಮೆರಾ ಎಲ್ಲಿ ತಿರುಗಿಸಿದ್ದೀರೋ ಅಷ್ಟೇ ತೋರ್ಸುತ್ತೆ. 1970ರಲ್ಲಿ ಕೆರಿಬಿಯನ್‌ನ ವರ್ಜಿನ್ ಐಲ್ಯಾಂಡ್ಸ್‌ನಲ್ಲಿದ್ದ ಟೆಕ್ಟೈಟ್ ಅನ್ನೋ ಇಂಥದ್ದೇ ನೀರೊಳಗಿನ ಲ್ಯಾಬ್‌ನಲ್ಲಿ ಕಡಲ ವಿಜ್ಞಾನಿ ಸಿಲ್ವಿಯಾ ಅರ್ಲ್ ನೇತೃತ್ವದ ಐದು ಹೆಂಗಸರ ತಂಡ ಎರಡು ವಾರ ಇತ್ತಲ್ಲ, ಅವರಿಗೆ ಬೆಳಗಿನ ಜಾವ ಯಾವ ಮೀನು ಏಳುತ್ತೆ, ಸಂಜೆ ಯಾವ್ದು ಬಿಲ ಸೇರುತ್ತೆ, ಅದೇ ಜಾಗದಲ್ಲಿ ರಾತ್ರಿ ಯಾರು ಬರ್ತಾರೆ ಅಂತ ಒಂದೇ ಸಮ ನೋಡೋಕಾಯ್ತು. ಹತ್ತು ಗಂಟೆಗೆ ಬೋಟಲ್ಲಿ ಬಂದು ಹನ್ನೊಂದಕ್ಕೆ ಹೋಗೋರಿಗೆ ಅದೆಲ್ಲಿ ಸಿಗುತ್ತೆ?

ಕಡಲಹುಚ್ಚು:
ಆ 17 ಗಂಟೆ ಎಲ್ಲಿ ಕಳೀತಾರೆ, ಹಡಗಲ್ಲಾ?

ಅಲೆಮನೆ:
ಇಲ್ಲ, ಅಲ್ಲೇ. ಬಾಗಿಲು ಮುಚ್ಕೊಂಡು ಮೊದಲು ಮಾಸ್ಕಲ್ಲಿ ಆಕ್ಸಿಜನ್ ಉಸಿರಾಡ್ತಾರೆ, ಆಮೇಲೆ ಒಳಗಿನ ಒತ್ತಡ ನಿಧಾನಕ್ಕೆ ಇಳಿಸ್ತಾ ಮೇಲಿನ ಗಾಳಿಯಷ್ಟಕ್ಕೆ ತರ್ತಾರೆ, ಜನ ಮಾತ್ರ ಇನ್ನೂ ಸಮುದ್ರದ ತಳದಲ್ಲೇ. ಕೊನೆಗೆ ಬಾಗಿಲು ತೆಗೆಯೋಕೆ ಒತ್ತಡ ಬೇಗ ಮತ್ತೆ ಹೊರಗಿನ ನೀರಿನಷ್ಟಕ್ಕೇ ಏರಿಸಿ ಈಜ್ಕೊಂಡು ಮೇಲೆ ಬರೋದು. ಆ ಸ್ವಲ್ಪ ಹೊತ್ತಲ್ಲಿ ಮೈಗೆ ಹೆಚ್ಚೇನೂ ನೈಟ್ರೋಜನ್ ಸೇರಲ್ಲ. ಮೇಲೆ ಬಂದ ತಕ್ಷಣ ವಿಮಾನ ಹತ್ತೋ ಹಾಗಿಲ್ಲ.