ಟ್ರೇನಿ ಹುಡುಗ ಕೊಟ್ಟ ಐಡಿಯಾ ನಡೆಯಲ್ಲ, ಆದರೆ ಅವನು ಸುಮ್ಮನಾಗಬಾರದು. ಏನಂತ ಉತ್ತರಿಸಲಿ?

ಪೀಣ್ಯ_ಸೆಕೆಂಡ್_ಶಿಫ್ಟ್

ಎಲ್ಲರಿಗೂ ನಮಸ್ಕಾರ. ನಾನು ಡಿಪ್ಲೊಮಾ ಓದಿದವಳು, ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ಲೈನ್ ಇನ್‌ಚಾರ್ಜ್. ಗಾಡಿಗಳ ಬುಷ್ (ಕೊಳವೆಯಂಥ ಸಣ್ಣ ಭಾಗ), ಶಾಫ್ಟ್ ಟರ್ನಿಂಗ್ ನಮ್ಮ ಕೆಲಸ, ಎಲ್ಲಾ ಸಿಎನ್‌ಸಿ ಲೇತ್, ಅಂದರೆ ಲೋಹವನ್ನು ತಿರುಗಿಸಿ ಕೊರೆಯುವ ಕಂಪ್ಯೂಟರ್ ಮಷೀನ್. ಶಿಫ್ಟ್ ಶುರುವಾಗುವ ಮುಂಚೆ ಹತ್ತು ನಿಮಿಷ ಬೋರ್ಡ್ ಹತ್ತಿರ ನಿಂತು ಮಾತಾಡುತ್ತೇವೆ. ಹಿಂದಿನ ದಿನದ ರಿಜೆಕ್ಷನ್, ಇವತ್ತಿನ ಪ್ಲಾನ್, ಅಷ್ಟೇ.

ಹೋದ ವಾರ ಅಲ್ಲಿ ಐಟಿಐ ಮುಗಿಸಿ ಬಂದ ಟ್ರೇನಿ ಹುಡುಗ ಮೊದಲ ಸಲ ಬಾಯಿ ಬಿಟ್ಟ. ಬುಷ್ ತೆಗೆದ ಮೇಲೆ, ಪೀಸ್ ಹಿಡಿಯುವ ಚಕ್‌ನ ಜಾ (ದವಡೆ) ಮೇಲೆ ಚಿಪ್ಸ್, ಅಂದರೆ ಕೊರೆದ ಲೋಹದ ಚೂರು, ಉಳಿದಿರುತ್ತದೆ, ಅದರ ಮೇಲೇ ಮುಂದಿನ ಪೀಸ್ ಹಿಡಿದರೆ ನೆಟ್ಟಗೆ ಕೂರಲ್ಲ, ಫೇಸ್ ರನ್‌ಔಟ್ (ತಿರುಗುವಾಗ ಪೀಸ್‌ನ ಮುಖ ಓಲಾಡುವುದು) ಬರುತ್ತದೆ ಅಂದ. ಪ್ರತಿ ಮಷೀನಿಗೂ ಒಂದು ಏರ್ ಗನ್ ಕೊಟ್ಟರೆ ಊದಿ ಹಾಕಬಹುದು ಅಂದ. ಅವನ ಮಾತು ಮುಗಿಯುವ ಮುಂಚೆಯೇ ಮೇಂಟೆನೆನ್ಸ್‌ನ ಹಿರಿಯರು, "ಪ್ರೆಶರ್ ಎಲ್ಲಿದೆಯಪ್ಪಾ? ಎಲ್ಲಾ ಮಷೀನ್ ಓಡುವಾಗ ಇರೋ ಕಂಪ್ರೆಸರ್ರೇ ಸಾಲಲ್ಲ. ಬಂದು ಮೂರು ತಿಂಗಳಾಗಿಲ್ಲ, ಶುರು ಮಾಡಿದ" ಅಂದರು. ಒಂದಿಬ್ಬರು ನಕ್ಕರು. ಅಲ್ಲಿಗೆ ಮುಗಿಯಿತು. ಈಗ ಆ ಹುಡುಗ ಎಲ್ಲರ ಹಿಂದೆ ನಿಲ್ಲುತ್ತಾನೆ.

ಕಂಪ್ರೆಸರ್ ವಿಷಯದಲ್ಲಿ ಹಿರಿಯರು ಹೇಳಿದ್ದು ಸರಿ. ಅವರಿಲ್ಲದೆ ನಮ್ಮ ಶಾಪ್ ನಡೆಯಲ್ಲ, ಅವರನ್ನು ನಾನು ಬಿಟ್ಟುಕೊಡುವುದಿಲ್ಲ. ಹಾಗಂತ ಹುಡುಗನಿಗೆ ಸುಮ್ನೆ "ಸೂಪರ್ ಐಡಿಯಾ" ಅಂತ ಬೆನ್ನು ತಟ್ಟಿ ಮರೆಯುವುದು ಅವನಿಗೆ ಮಾಡುವ ಮೋಸ. ಇಂಥ ಕಡೆ ನೀವು ಏನಂತೀರಿ? ನಿಜವಾಗಿ ಬಾಯಲ್ಲಿ ಆಡುವ ಮಾತು ಬೇಕು ನನಗೆ.

ಕೋಡ್_ರಿವ್ಯೂ_ಮಂದಿ

ಮೇಡಂ, ನಾನು ಸಾಫ್ಟ್‌ವೇರ್ ಕಡೆಯವನು. ಬೇರೆಯವರು ಬರೆದ ಕೋಡ್ ಓದಿ ಅಭಿಪ್ರಾಯ ಬರೆಯುವುದು ನಮಗೆ ದಿನನಿತ್ಯದ ಕೆಲಸ. ನಮ್ಮಲ್ಲಿ ಒಂದು ರೂಢಿ ಇದೆ. ಚಿಕ್ಕಪುಟ್ಟ ವಿಷಯ, ಬರೀ ನಮ್ಮ ಇಷ್ಟದ ವಿಷಯ ಆದರೆ ಮುಂದೆ 'ನಿಟ್' ಅಂತ ಹಾಕುತ್ತೇವೆ. ತಿದ್ದಿದರೂ ಸರಿ, ಬಿಟ್ಟರೂ ಸರಿ ಅಂತ ಓದಿದವರಿಗೆ ಗೊತ್ತಾಗುತ್ತದೆ. ಕೋಡ್ ತಡೆಯಲೇಬೇಕು ಅಂದರೆ ಕಾರಣ ಬರೆಯಬೇಕು. "ಗ್ರಾಹಕರು ಬಟನ್ ಎರಡು ಸಲ ಒತ್ತಿದರೆ ಹಣ ಎರಡು ಸಲ ಹೋಗುತ್ತದೆ" ಅನ್ನುವಷ್ಟು ಸ್ಪಷ್ಟವಾಗಿ.

ನಿಮ್ಮ ಹಿರಿಯರು ಒಂದೇ ಉಸಿರಿನಲ್ಲಿ ಎರಡು ಮಾತು ಹೇಳಿದ್ದಾರೆ. ಪ್ರೆಶರ್ ಸಾಲಲ್ಲ ಅನ್ನುವುದು ಐಡಿಯಾ ಬಗ್ಗೆ. ಮೂರು ತಿಂಗಳಾಗಿಲ್ಲ ಅನ್ನುವುದು ಹುಡುಗನ ಬಗ್ಗೆ. ಮೊದಲನೆಯದನ್ನು ಬೋರ್ಡ್ ಮೇಲೆ ಬರೆಯಿರಿ. ಎರಡನೆಯದನ್ನು ಬರೆಯಲು ಅಲ್ಲಿ ಜಾಗವೇ ಇಲ್ಲ, ಅಲ್ವಾ?

ಹಳೇ_ಟೂಲ್‌ರೂಮ್

ನೋಡಮ್ಮಾ, ಆ ಹುಡುಗ ಒಂದು ತೊಂದರೆ ತೋರಿಸಿದ, ಒಂದು ಪರಿಹಾರ ಹೇಳಿದ. ನಿಮ್ಮ ಮೀಟಿಂಗ್‌ನಲ್ಲಿ ಉತ್ತರ ಸಿಕ್ಕಿದ್ದು ಪರಿಹಾರಕ್ಕೆ ಮಾತ್ರ. ತೊಂದರೆ ಇನ್ನೂ ನಿಮ್ಮ ಜಾ ಮೇಲೇ ಕೂತಿದೆ. ಟೂಲ್‌ರೂಮ್‌ನಲ್ಲಿ ನಾನು ಇದನ್ನು ತುಂಬಾ ನೋಡಿದ್ದೇನೆ. ಮಷೀನ್ ಮುಂದೆ ಎಂಟು ಗಂಟೆ ನಿಲ್ಲುವವನು ಹೇಳುವ ಪರಿಹಾರ ತಪ್ಪಿರಬಹುದು, ಆದರೆ ಅವನು ಹೇಳುವ ತೊಂದರೆ ಹೆಚ್ಚಾಗಿ ಸರಿಯೇ ಇರುತ್ತದೆ.

ಅವನನ್ನು ಆಫೀಸಿಗೆ ಕರೆಯಬೇಡಿ. ನೀವೇ ಅವನ ಮಷೀನ್ ಹತ್ತಿರ ಹೋಗಿ. "ನೀನು ಹೇಳಿದ್ದು ನನಗೆ ತೋರಿಸು" ಅನ್ನಿ. ಇದಕ್ಕಿಂತ ಒಳ್ಳೆ ಮಾತು ನನಗೆ ಗೊತ್ತಿಲ್ಲ. ಯಾವ ಮಷೀನ್‌ನಲ್ಲಿ ಜಾಸ್ತಿ? ಯಾವ ಜಾಬ್‌ನಲ್ಲಿ? ಜಾ ಸವೆದಿದೆಯಾ? ರನ್‌ಔಟ್‌ಗೆ ಹೋದ ಪೀಸ್‌ಗಳನ್ನು ಬೇರೆ ಟ್ರೇನಲ್ಲಿ ಇಡಿಸಿ, ಒಂದು ವಾರ ಅವನ ಕೈಯಲ್ಲೇ ಲೆಕ್ಕ ಬರೆಸಿ. ಆಗ ಮೂರು ತಿಂಗಳ ಹುಡುಗನ ಮಾತು ಅಂತ ಯಾರೂ ತಳ್ಳಿ ಹಾಕುವ ಹಾಗಿಲ್ಲ. ಎದುರಿಗೆ ಟ್ರೇ ಇರುತ್ತದೆ.

ಇನ್ನು ಏರ್ ಗನ್. ಕಂಪ್ರೆಸರ್ ದೊಡ್ಡದಿದ್ದರೂ ನಾನು ಬೇಡ ಅನ್ನುತ್ತಿದ್ದೆ. ಗಾಳಿ ಊದಿದರೆ ಸಣ್ಣ ಚಿಪ್ಸ್ ವೈಪರ್ (ಕಸ ತಡೆಯುವ ರಬ್ಬರ್ ಪಟ್ಟಿ) ದಾಟಿ, ಮಷೀನ್ ಜಾರಿ ಓಡಾಡುವ ಸ್ಲೈಡ್ ಒಳಗೆ ಹೋಗುತ್ತದೆ. ಆಪರೇಟರ್ ಕಣ್ಣಿಗೂ ಹಾರುತ್ತದೆ. ಇದನ್ನು ಅವನಿಗೆ ಬಾಯಲ್ಲಿ ಹೇಳುವುದಲ್ಲ, ಮಷೀನ್ ಆಫ್ ಮಾಡಿ ಆ ವೈಪರ್ ತೋರಿಸಿ. "ಬೇಡ" ಅನ್ನುವುದಕ್ಕೆ ಕಾರಣ ಕಣ್ಣೆದುರು ಕಂಡರೆ ಅವನಿಗೆ ಬೇಜಾರಾಗಲ್ಲ, ಒಂದು ವಿದ್ಯೆ ಸಿಕ್ಕ ಹಾಗಾಗುತ್ತದೆ.

ಆಮೇಲೆ ಮೇಂಟೆನೆನ್ಸ್ ಹಿರಿಯರ ಹತ್ತಿರ ಹೋಗಿ. ಏರ್ ಗನ್ ಹಾಕಬಹುದಾ ಅಂತ ಕೇಳಿದರೆ ಇಲ್ಲ ಅನ್ನುವುದು ಬಿಟ್ಟು ಅವರಿಗೆ ದಾರಿಯಿಲ್ಲ. "ಜಾ ಮೇಲಿನ ಚಿಪ್ಸ್ ಹೋಗಬೇಕು, ಏನು ಮಾಡೋಣ?" ಅಂತ ಕೇಳಿ. ಕೂಲಂಟ್ (ಕೊರೆಯುವಾಗ ತಂಪು ಮಾಡುವ ದ್ರವ) ಲೈನ್‌ನಿಂದ ಒಂದು ಕವಲು ತೆಗೆದು ಕೈಯಲ್ಲಿ ಹಿಡಿಯುವ ಗನ್ ಹಾಕಿದರೆ ತೊಳೆಯಬಹುದು. ಎಷ್ಟೋ ಮಷೀನ್‌ಗಳಲ್ಲಿ ಇದು ಇರುತ್ತದೆ. ನೀವು ಹೇಳಬೇಡಿ, ಅವರೇ ಹೇಳುತ್ತಾರೆ.

ಒಂದು ಹಳೆ ವಿಷಯ ಹೇಳುತ್ತೇನೆ. 1980ರ ದಶಕದ ಶುರುವಿನಲ್ಲಿ ಹೈದರಾಬಾದಿನ ಬಿಎಚ್‌ಇಎಲ್ ಕಾರ್ಖಾನೆ ನಮ್ಮ ದೇಶದಲ್ಲಿ ಮೊದಲು ಕ್ವಾಲಿಟಿ ಸರ್ಕಲ್ ಶುರು ಮಾಡಿತು. ಒಂದೇ ಕಡೆ ಕೆಲಸ ಮಾಡುವ ಕೆಲವರು ಕೂತು, ತಮ್ಮ ಕೆಲಸದ ತೊಂದರೆಯನ್ನು ತಾವೇ ಆರಿಸಿಕೊಂಡು ಬಗೆಹರಿಸುವುದು. ಅಲ್ಲಿಂದ ಬೇರೆ ಕಾರ್ಖಾನೆಗಳಿಗೂ ಹಬ್ಬಿತು, ನಾನಿದ್ದ ಕಡೆಗೂ ಬಂತು. ಸರ್ಕಲ್ ಚೆನ್ನಾಗಿ ನಡೆಯಿತು. ಅದರ ಜೊತೆಗೆ ಗೋಡೆಗೆ ಬೀಗ ಹಾಕಿದ ಸಲಹೆ ಪೆಟ್ಟಿಗೆಯೂ ಬಂತು, ಅದು ಸತ್ತೇ ಹೋಯಿತು. ಚೀಟಿ ಹಾಕಿದವರಿಗೆ ಹೌದು ಅಂತಲೂ ಉತ್ತರ ಬರಲಿಲ್ಲ, ಇಲ್ಲ ಅಂತಲೂ ಬರಲಿಲ್ಲ. ಜಪಾನಿನಲ್ಲಿ ಟೊಯೋಟಾದ ಐಜಿ ಟೊಯೋಡಾ 1950ರಲ್ಲಿ ಅಮೆರಿಕದ ಫೋರ್ಡ್ ಕಾರ್ಖಾನೆ ನೋಡಿ ಬಂದರು. ಮರುವರ್ಷ, 1951ರಲ್ಲಿ, ಟೊಯೋಟಾದಲ್ಲಿ ಕಾರ್ಮಿಕರ ಸಲಹೆ ಪದ್ಧತಿ ಶುರುವಾಯಿತು. ಇಂದಿಗೂ ಇದೆ. ಇಷ್ಟು ಕಾಲ ಉಳಿಯಬೇಕಾದರೆ ಕೊಟ್ಟವನಿಗೆ ಉತ್ತರ ಸಿಗಲೇಬೇಕಮ್ಮಾ. ಅದಕ್ಕೇ ಹೇಳುತ್ತಿದ್ದೇನೆ, ಹುಡುಗನಿಗೆ ಒಂದು ದಿನ ಗೊತ್ತು ಮಾಡಿ. "ಮುಂದಿನ ಗುರುವಾರ ನಿನಗೆ ಉತ್ತರ ಹೇಳುತ್ತೇನೆ" ಅನ್ನಿ. ಗುರುವಾರ ಹೇಳಿ.

ಪಾಠ_ಮಾಡುವವರು

ಟೂಲ್‌ರೂಮ್ ಸರ್ ಮಾತಿಗೆ ಒಂದು ಸೇರಿಸುತ್ತೇನೆ. ಇಂಥ ಕಡೆ ಬೇಗ ಸಿಗುವ ಸಲಹೆ "ಮೀಟಿಂಗ್‌ನಲ್ಲಿ ಯಾರೂ ಟೀಕೆ ಮಾಡಬೇಡಿ" ಅನ್ನುವುದು. ಜಾಹೀರಾತು ಉದ್ಯಮದ ಅಲೆಕ್ಸ್ ಆಸ್ಬಾರ್ನ್ ಬ್ರೈನ್‌ಸ್ಟಾರ್ಮಿಂಗ್‌ಗೆ (ಗುಂಪಾಗಿ ಕೂತು ಐಡಿಯಾ ಹೇಳುವುದಕ್ಕೆ) ಹಾಕಿದ ಮುಖ್ಯ ನಿಯಮ ಅದು. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ನೋಡಿದರು. ಗುಂಪಾಗಿ ಕೂತವರಿಗಿಂತ, ಅಷ್ಟೇ ಜನ ಒಬ್ಬೊಬ್ಬರೇ ಯೋಚಿಸಿ ಕೊಟ್ಟದ್ದನ್ನು ಕೂಡಿಸಿದಾಗ ಐಡಿಯಾಗಳು ಜಾಸ್ತಿ ಬಂದವು. 2004ರಲ್ಲಿ ಮನೋವಿಜ್ಞಾನಿ ಷಾರ್ಲನ್ ನೆಮೆತ್ ಮತ್ತು ಜೊತೆಯವರು ಅಮೆರಿಕ, ಫ್ರಾನ್ಸ್ ಎರಡೂ ಕಡೆ ಮಾಡಿದ ಪ್ರಯೋಗದಲ್ಲಿ, ಚರ್ಚೆ ಮಾಡಿ, ಟೀಕೆಯನ್ನೂ ಮಾಡಿ ಅಂದ ಗುಂಪುಗಳು, ಟೀಕೆ ಬೇಡ ಅಂದ ಗುಂಪುಗಳಿಗಿಂತ ಹಿಂದೆ ಬೀಳಲಿಲ್ಲ.

ಹಾಗಾಗಿ ಮೇಡಂ, ಹಿರಿಯರ ಆಕ್ಷೇಪವನ್ನು ತಡೆಯಬೇಡಿ. ಅದು ಶಾಪ್‌ಗೆ ಬೇಕು. ಬರುವ ಹೊತ್ತನ್ನು ಮಾತ್ರ ಬದಲಿಸಿ. ಮೀಟಿಂಗ್ ಮುಂಚೆ ಎಲ್ಲರೂ ಒಂದೊಂದು ಚೀಟಿ ಬರೆದು ಬೋರ್ಡ್‌ಗೆ ಅಂಟಿಸಲಿ. ಎಲ್ಲರಿಗಿಂತ ಚಿಕ್ಕವನ ಮಾತು ಆಗ ಪೂರ್ತಿ ಓದಿಸಿಕೊಳ್ಳುತ್ತದೆ.

ಪೀಣ್ಯ_ಸೆಕೆಂಡ್_ಶಿಫ್ಟ್

ಎಲ್ಲರಿಗೂ ಧನ್ಯವಾದ. ಟೂಲ್‌ರೂಮ್ ಸರ್, ಒಂದೇ ಸಂದೇಹ. ಹುಡುಗನ ಜೊತೆ ಮಷೀನ್ ಹತ್ತಿರ ಮಾತಾಡುತ್ತೇನೆ. ಆದರೆ ನಕ್ಕಿದ್ದು ಎಲ್ಲರ ಎದುರು. ಅದನ್ನು ಸರಿ ಮಾಡುವುದೂ ಎಲ್ಲರ ಎದುರೇ ಆಗಬೇಕಲ್ವಾ? ಹಾಗೆ ಮಾಡಿದರೆ ಹಿರಿಯರಿಗೆ ಮುಖಭಂಗ ಆಗುತ್ತದೆ.

ಹಳೇ_ಟೂಲ್‌ರೂಮ್

ಎಲ್ಲರ ಎದುರೇ ಆಗಬೇಕು. ನಕ್ಕಿದ್ದರ ಸುದ್ದಿ ಎತ್ತಬೇಡಿ. ಹಿರಿಯರ ಹತ್ತಿರ ಮೊದಲೇ ಒಂದು ಮಾತು ಹೇಳಿರಿ, "ಅಣ್ಣಾ, ಹುಡುಗ ತೋರಿಸಿದ ತೊಂದರೆ ನಿಜ, ಲೆಕ್ಕ ಸಿಕ್ಕಿದೆ, ನಾಳೆ ಬೋರ್ಡ್ ಹತ್ತಿರ ನೀವೇ ದಾರಿ ಹೇಳಬೇಕು" ಅಂತ. ಮರುದಿನ ತೊಂದರೆ ಮುಂದೆ ಹುಡುಗನ ಹೆಸರು ಬರೆಯಿರಿ, ಪರಿಹಾರದ ಮುಂದೆ ಅವರ ಹೆಸರು.

ಪೀಣ್ಯ_ಸೆಕೆಂಡ್_ಶಿಫ್ಟ್

ಏನಾಯಿತು ಅಂತ ಹೇಳಿಬಿಡುತ್ತೇನೆ. ವಾರದ ಲೆಕ್ಕದಲ್ಲಿ ಜಾಸ್ತಿ ಪೀಸ್ ಹೋಗಿದ್ದು ಎರಡೇ ಮಷೀನ್‌ಗಳಲ್ಲಿ, ಎರಡರಲ್ಲೂ ಬುಷ್ ಜಾಬ್. ಟ್ರೇ ನೋಡಿದ ಹಿರಿಯರು ಕೂಲಂಟ್ ಗನ್ ವಿಷಯ ತಾವೇ ತೆಗೆದರು. ಭಾನುವಾರ ಒಂದು ಮಷೀನಿಗೆ ಹಾಕಿ ನೋಡುತ್ತಾರಂತೆ, ಪಂಪ್ ತಡೆಯುತ್ತದಾ ಅಂತ ನೋಡಬೇಕು. ಬೋರ್ಡ್ ಮೇಲೆ ಇಬ್ಬರ ಹೆಸರೂ ಬರೆದೆ. ಹುಡುಗ ಮಾತಾಡಲಿಲ್ಲ, ಆದರೆ ಮುಂದೆ ಬಂದು ನಿಂತಿದ್ದ. ಈಗ ಆಪರೇಟರ್ ಒಬ್ಬರ ತಕರಾರು, ಗನ್ ಬಂದರೆ ಕೂಲಂಟ್ ನೆಲಕ್ಕೆ ಚೆಲ್ಲುತ್ತದೆ, ಕಾಲು ಜಾರುತ್ತದೆ ಅಂತ. ಅದೂ ನಿಜವೇ. ಅದಕ್ಕೆ ದಾರಿ ಹುಡುಕುವ ಕೆಲಸವನ್ನು ಅವರಿಗೂ ಹುಡುಗನಿಗೂ ಒಟ್ಟಿಗೆ ಕೊಟ್ಟಿದ್ದೇನೆ. ನಿಮ್ಮ ಕಡೆ ಇದಕ್ಕೆ ಏನು ಮಾಡಿದ್ದೀರಿ? ತಟ್ಟೆ ಇಟ್ಟಿದ್ದೀರಾ, ಬಾಗಿಲು ಅರ್ಧ ಮುಚ್ಚಿ ತೊಳೆಯುತ್ತೀರಾ? ಗೊತ್ತಿದ್ದವರು ಹೇಳಿ, ಅವರಿಬ್ಬರಿಗೂ ಓದಿ ಹೇಳುತ್ತೇನೆ.