ವಾಂತಿ ನಿಂತರೆ ಅಂಟುವುದು ನಿಲ್ಲುತ್ತದಾ?

ಅಕ್ಕಾ, ನಿಮ್ಮ ಮೆಸೇಜ್ ಈಗ ನೋಡಿದೆ. ಪುಟ್ಟನಿಗೆ ನಿನ್ನೆ ರಾತ್ರಿ ವಾಂತಿ ನಿಂತಿದೆ, ನಾಳೆ ಸ್ಕೂಲಿಗೆ ಕಳಿಸಬಹುದಾ, ಅಜ್ಜಿ ಮನೆಗೆ ಬರಬಹುದಾ ಅಂತ ಕೇಳಿದ್ದೀರಿ. ಎರಡೂ ಬೇಡ. ಸ್ವಲ್ಪ ತಡೆಯಿರಿ.

ಇಂಥ ಹೊಟ್ಟೆ ಸೋಂಕಿಗೆ ಹೆಚ್ಚಾಗಿ ಕಾರಣ ನೊರೊವೈರಸ್. ಮೈಗೆ ಸೇರಿದ 12ರಿಂದ 48 ಗಂಟೆಯಲ್ಲಿ ವಾಂತಿ, ಭೇದಿ ಶುರುವಾಗುತ್ತದೆ. ಒಂದರಿಂದ ಮೂರು ದಿನ ಹಿಂಡಿ ಹಾಕಿ ಹೋಗುತ್ತದೆ. ಚಿಕ್ಕ ಮಕ್ಕಳಿಗೆ ಬರುವ ರೋಟಾವೈರಸ್ ಆದರೆ 3ರಿಂದ 8 ದಿನ ಎಳೆಯಬಹುದು. ಯಾವುದು ಅಂತ ಮನೆಯಲ್ಲಿ ಕೂತು ಗೊತ್ತಾಗಲ್ಲ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ನಾವು ಎಡವುವುದು ಹುಷಾರಾದ ಮೇಲೆ. ಮಗು ಎದ್ದು ಆಟ ಆಡುತ್ತಿರುತ್ತದೆ, ಮುಗೀತಲ್ಲ ಅನಿಸುತ್ತದೆ. ಆದರೆ ಮಲದಲ್ಲಿ ನೊರೊವೈರಸ್ ಎರಡು ವಾರ, ಕೆಲವರಲ್ಲಿ ಅದಕ್ಕಿಂತ ಜಾಸ್ತಿ ದಿನ ಹೋಗುತ್ತಲೇ ಇರುತ್ತದೆ. ಹಾಗಂತ ಅಷ್ಟು ದಿನ ಕೂಡಿ ಹಾಕಬೇಕಿಲ್ಲ. ಜೋರಾಗಿ ಅಂಟುವುದು ವಾಂತಿ ಭೇದಿ ಇರುವಾಗ, ಮತ್ತೆ ಅದು ನಿಂತ ಮೊದಲ ಕೆಲವು ದಿನ. ಅದಕ್ಕೇ ಕೊನೆಯ ಸಲ ಆದಾಗಿನಿಂದ 48 ಗಂಟೆ ಮನೆಯಲ್ಲಿರಬೇಕು ಅನ್ನುವುದು. ಇವತ್ತು ಬೆಳಿಗ್ಗೆಯೂ ತೆಳ್ಳಗೆ ಹೋದ ಅಂತ ನೀವೇ ಬರೆದಿದ್ದೀರಿ ಅಲ್ವಾ? ಹಾಗಾದರೆ ಲೆಕ್ಕ ಶುರು ಇವತ್ತು ಬೆಳಿಗ್ಗೆಯಿಂದ, ನಿನ್ನೆ ರಾತ್ರಿಯಿಂದ ಅಲ್ಲ.

ಅಜ್ಜಿ ಇನ್ನೂ ನಾಲ್ಕು ದಿನ ತಡವಾಗಿ ಬರಲಿ. ಈ ವಯಸ್ಸಿನಲ್ಲಿ ಮೈಯಲ್ಲಿ ನೀರು ಕಡಿಮೆಯಾದರೆ ಬೇಗ ಕುಸಿದುಬಿಡುತ್ತಾರೆ. ಅಷ್ಟರಲ್ಲಿ ನಿಮಗೋ ಭಾವನಿಗೋ ಶುರುವಾಗುತ್ತದಾ ಅನ್ನುವುದೂ ಗೊತ್ತಾಗುತ್ತದೆ. ಶುರುವಾದರೆ ಅಡುಗೆಮನೆ ಕಡೆ ಹೋಗಬೇಡಿ. ನಿಂತ ಮೇಲೂ ಎರಡು ದಿನ ಬೇರೆಯವರು ಅಡುಗೆ ಮಾಡಲಿ.

ಗ್ರೂಪಲ್ಲಿ ಮೇಲೆ ಯಾರೋ ಕೈಗೆ ಸ್ಯಾನಿಟೈಸರ್ ಸಾಕು ಅಂದಿದ್ದಾರೆ. ಸಾಕಾಗಲ್ಲ. ಆಲ್ಕೋಹಾಲ್ ಕೆಲವು ವೈರಸ್‌ಗಳ ಕೊಬ್ಬಿನ ಹೊದಿಕೆ ಕರಗಿಸಿ ಕೊಲ್ಲುತ್ತದೆ, ನೊರೊವೈರಸ್‌ಗೆ ಆ ಹೊದಿಕೆಯೇ ಇಲ್ಲ. ಸೋಪು ಹಚ್ಚಿ ಉಗುರಿನ ಸಂದಿಯನ್ನೂ ಉಜ್ಜಿ 20 ಸೆಕೆಂಡ್ ತೊಳೆದರೆ ಕೈಯಿಂದ ಜಾರಿ ಹೋಗುತ್ತದೆ.

ವಾಂತಿ ಬಿದ್ದ ಜಾಗಕ್ಕೆ ಫಿನಾಯಿಲ್ ಅಲ್ಲ, ಬ್ಲೀಚ್ ಬೇಕು. ಮೊದಲು ಗ್ಲೌಸ್ ಹಾಕಿಕೊಂಡು ಪೇಪರ್‌ನಲ್ಲಿ ಒರೆಸಿ ತೆಗೆಯಿರಿ. ಶೇಕಡಾ 5ರ ಬ್ಲೀಚ್ ಆದರೆ ಲೀಟರ್ ನೀರಿಗೆ 20 ಮಿಲಿ ಸೇರಿಸಿ, ಒರೆಸಿ, ಐದು ನಿಮಿಷ ಹಾಗೇ ಬಿಡಿ. ಬೇರೆ ಯಾವ ಕ್ಲೀನರ್ ಜೊತೆಗೂ ಬೆರೆಸಬೇಡಿ, ಕಿಟಕಿ ತೆಗೆದಿರಲಿ. ಹನಿ ನೆಲಕ್ಕಷ್ಟೇ ಬಿದ್ದಿರುವುದಿಲ್ಲ. ಮಂಚದ ಕಾಲು, ಗೋಡೆಯ ಕೆಳಭಾಗ ನೋಡಿ. ನಲ್ಲಿ ತಿರುಪು, ಫ್ಲಶ್ ಬಟನ್, ಲೈಟ್ ಸ್ವಿಚ್ ಎಲ್ಲ ಒರೆಸಿ.

ಪುಟ್ಟನಿಗೆ ಓಆರ್‌ಎಸ್ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡಿ, ಲೋಟಗಟ್ಟಲೆ ಕುಡಿಸಿದರೆ ಮತ್ತೆ ಕಕ್ಕುತ್ತಾನೆ. ಆಂಟಿಬಯೋಟಿಕ್ ವೈರಸ್‌ಗೆ ಕೆಲಸ ಮಾಡಲ್ಲ. ಎಂಟು ಗಂಟೆ ಮೂತ್ರ ಮಾಡದಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಂಪರಾಗಿ ಬಿದ್ದುಕೊಂಡಿದ್ದರೆ ಗ್ರೂಪಲ್ಲಿ ಕೇಳುತ್ತಾ ಕೂರಬೇಡಿ, ನೇರ ಡಾಕ್ಟರ್ ಹತ್ತಿರ ಹೋಗಿ. ಸದ್ಯಕ್ಕೆ ಸ್ಕೂಲಿನವರಿಗೆ ಎರಡು ದಿನ ಬರಲ್ಲ ಅಂತ ಹೇಳಿಬಿಡಿ.