ಶಿವಮೊಗ್ಗದಲ್ಲಿ ಎರಡು ದಿನದ ಸಮಾವೇಶ ಮಾಡ್ತಿದೀವಿ, ಕಿರುಕುಳ ಆಗದ ಹಾಗೆ ಏನೇನು ನೋಡ್ಕೋಬೇಕು?

ಮಲ್ನಾಡ್_ಪೆಂಗ್ವಿನ್

ಎಲ್ರಿಗೂ ನಮಸ್ಕಾರ. ಜನವರಿಲಿ ನಾವೊಂದಿಷ್ಟು ಜನ ಸೇರ್ಕೊಂಡು ಓಪನ್ ಸೋರ್ಸ್ (ಯಾರು ಬೇಕಾದ್ರೂ ತಗೊಂಡು ಬದಲಾಯಿಸಬಹುದಾದ ಸಾಫ್ಟ್‌ವೇರ್) ಸಮಾವೇಶ ಮಾಡ್ಬೇಕು ಅಂತಿದೀವಿ, 120 ಜನ ಬರಬಹುದು, ಅದ್ರಲ್ಲಿ ಕಾಲೇಜ್ ಹುಡ್ಗೀರೇ ಮೂವತ್ತು ನಲವತ್ತು ಜನ. ಕೋಡ್ ಆಫ್ ಕಂಡಕ್ಟ್, ಅಂದ್ರೆ ಬಂದೋರು ಹೇಗೆ ನಡ್ಕೋಬೇಕು ಅನ್ನೋ ನಿಯಮ, ಬೇಕು ಅಂತ ಇಂಗ್ಲಿಷಲ್ಲಿದ್ದಿದ್ದನ್ನ ತಗೊಂಡು ವೆಬ್‌ಸೈಟಿಗೆ ಹಾಕಿದೀವಿ. ಆದ್ರೆ ಮೊನ್ನೆ ಮೀಟಿಂಗಲ್ಲಿ ಒಬ್ಳು ಸೆಕೆಂಡ್ ಇಯರ್ ಹುಡುಗಿ "ಅಣ್ಣ, ಏನಾದ್ರೂ ಆದ್ರೆ ನಾನು ಯಾರಿಗೆ ಫೋನ್ ಮಾಡ್ಲಿ?" ಅಂದ್ಲು, ನಾವು ಏಳು ಜನ ಕೂತಿದ್ವಿ, ಒಬ್ರ ಹತ್ರನೂ ಉತ್ತರ ಇರ್ಲಿಲ್ಲ. ಅವತ್ತಿಂದ ಅದೇ ತಲೇಲಿ ಕೂತಿದೆ. ಮಾಡಿ ಅನುಭವ ಇರೋರು ದಯವಿಟ್ಟು ಹೇಳಿ.

ನೀಲಿ_ಲ್ಯಾನ್ಯಾರ್ಡ್

ಕಾಪಿ ಮಾಡಿದ್ದು ತಪ್ಪೇನಲ್ಲ, ಓಪನ್ ಸೋರ್ಸ್ ಲೋಕದ ಹೆಂಗಸರಿಗಾಗಿ 2011ರಲ್ಲಿ ಶುರುವಾದ ಸಂಸ್ಥೆ, ಏಡಾ ಇನಿಶಿಯೇಟಿವ್‌ನವರು ಎಲ್ರೂ ತಗೊಂಡು ಬಳಸ್ಲಿ ಅಂತಾನೇ ಮಾದರಿ ನೀತಿ ಹಂಚಿದ್ರು. ಆದ್ರೆ ಅದನ್ನ ಕನ್ನಡಕ್ಕೆ ತನ್ನಿ, ಅರ್ಧ ಪುಟ ಸಾಕು, ಓದಿದ್ರೆ ಅರ್ಥ ಆಗ್ಬೇಕು. ಆ ಹುಡುಗಿ ಕೇಳಿದ ಪ್ರಶ್ನೆನೇ ಇಡೀ ವಿಷಯ ಕಣ್ರೀ. ನಾನು ಮೂರು ಸಮಾವೇಶದಲ್ಲಿ ದೂರು ತಗೊಳೋ ಕೆಲಸ ಮಾಡಿದೀನಿ. ಇಬ್ರನ್ನ ನೇಮಿಸಿ, ಒಬ್ರಾದ್ರೂ ಹೆಂಗಸಾಗಿರ್ಲಿ, ಮತ್ತೆ ಅವರಿಗೆ ಬೇರೆ ಯಾವ ಕೆಲಸನೂ ಕೊಡ್ಬೇಡಿ, ಊಟದ ಕೂಪನ್ ಹಂಚ್ತಾ ನಿಂತಿರೋರ ಹತ್ರ ಯಾರೂ ಇಂಥದ್ದು ಹೇಳ್ಕೊಳಲ್ಲ. ಅವರ ಫೋಟೋ, ನಂಬರ್ ಬ್ಯಾಡ್ಜಿನ ಹಿಂದೆ ಪ್ರಿಂಟ್ ಮಾಡ್ಸಿ, ಲೇಡೀಸ್ ಟಾಯ್ಲೆಟ್ ಬಾಗಿಲ ಒಳಗಡೆನೂ ಅಂಟಿಸಿ. ಆಮೇಲೆ ಒಂದು ಸಂಜೆ ಕೂತು, ದೂರು ನಿಮ್ಮ ಮುಖ್ಯ ಭಾಷಣಕಾರರ ಮೇಲೇ ಬಂದ್ರೆ ಏನ್ ಮಾಡ್ತೀರಿ ಅಂತ ಮೊದ್ಲೇ ತೀರ್ಮಾನ ಮಾಡ್ಕೊಳಿ. ಆ ಹೊತ್ತಲ್ಲಿ ಯೋಚ್ನೆ ಮಾಡೋಕ್ ಹೋದ್ರೆ "ದೊಡ್ಡೋರು, ಬಿಟ್ಬಿಡೋಣ" ಅಂತಾನೇ ಆಗೋದು, ನಾನೇ ಕಣ್ಣಾರೆ ನೋಡಿದೀನಿ, ಅಲ್ಲಿ ದೂರು ಕೊಟ್ಟ ಹುಡುಗಿ ಎರಡನೇ ದಿನ ಬರ್ಲೇ ಇಲ್ಲ.

ಕಾಫಿ_ತೋಟ

ಇಷ್ಟೆಲ್ಲಾ ಬೇಕಾ? ನಮ್ಮ ಕಡೆ ಎಲ್ರೂ ಪರಿಚಯದೋರೇ, ಈಗ್ಲೇ ಹೀಗೆಲ್ಲಾ ಬೋರ್ಡ್ ಹಾಕಿದ್ರೆ ಬರೋ ಹೆಣ್ಮಕ್ಳೇ ಹೆದರ್ಕೊಂಡು ಬಿಡ್ತಾರೇನೋ ಅಂತ ನನ್ನ ಆತಂಕ.

ತುಂಗಾ_ತೀರ

@ಕಾಫಿ_ತೋಟ ನಾನು ಬರೋ ಹೆಣ್ಮಗಳೇ, ನನಗೆ ಬೋರ್ಡ್ ನೋಡಿದ್ರೆ ಧೈರ್ಯ ಬರುತ್ತೆ. ಪರಿಚಯದೋರ ವಿಷಯಕ್ಕೇ ಹೇಳ್ತೀನಿ ಕೇಳಿ. ಎರಡು ವರ್ಷದ ಹಿಂದೆ ಒಂದು ಕಡೆ ಹೋಗಿದ್ದೆ, ಬಂದೋರನ್ನೆಲ್ಲಾ ಒಂದೇ ವಾಟ್ಸಾಪ್ ಗ್ರೂಪಿಗೆ ಸೇರ್ಸಿದ್ರು, ಎಲ್ಲರ ನಂಬರ್ ಎಲ್ಲರಿಗೂ ಸಿಕ್ತು. ಸಮಾವೇಶ ಮುಗಿದು ರಾತ್ರಿ ಬಸ್ಸಲ್ಲಿ ಬರ್ತಿದ್ದೆ, ಅರಸೀಕೆರೆ ದಾಟಿತ್ತು, "ಸೇಫಾಗಿ ತಲುಪಿದ್ರಾ" ಅಂತ ಆ ಗ್ರೂಪಲ್ಲಿದ್ದ ಒಬ್ಬನಿಂದ ಒಂದು ಮೆಸೇಜು. ಬೆಳಿಗ್ಗೆ ಹೂವಿನ ಚಿತ್ರ. ಮೂರನೇ ದಿನ ನಾನು ಸ್ಟೇಜ್ ಮೇಲೆ ಮಾತಾಡ್ತಿದ್ದ ಫೋಟೋ, ಅದೂ ಝೂಮ್ ಮಾಡಿ ತೆಗೆದಿದ್ದು. ನಾಲ್ಕು ತಿಂಗಳು ನಡೀತು. ಸಂಘಟಕರಿಗೆ ಹೇಳಿದ್ರೆ "ಅವ್ರು ಒಳ್ಳೆಯೋರು, ಬ್ಲಾಕ್ ಮಾಡ್ಬಿಡಿ" ಅಂದ್ರು. ದಯವಿಟ್ಟು ಗ್ರೂಪ್ ಮಾಡ್ಬೇಡಿ, ವಾಟ್ಸಾಪ್ ಕಮ್ಯುನಿಟಿ ಮಾಡಿ, ಅದರ ಅನೌನ್ಸ್‌ಮೆಂಟ್ ಭಾಗದಲ್ಲಿ ನಂಬರ್ ಉಳಿದ ಸದಸ್ಯರಿಗೆ ಕಾಣಲ್ಲ. ಫೋಟೋಗೆ, ಅದೇ ಏಡಾ ಸಂಸ್ಥೆಯೋರು ಹೆಂಗಸರಿಗಾಗಿ ನಡೆಸ್ತಿದ್ದ ಏಡಾಕ್ಯಾಂಪ್ ಸಮಾವೇಶದಲ್ಲಿ ಮಾಡ್ತಿದ್ದ ಹಾಗೆ ಮೂರು ಬಣ್ಣದ ಟ್ಯಾಗ್ ಇಡಿ, ಹಸಿರಿದ್ರೆ ತೆಗೀಬಹುದು, ಹಳದಿ ಇದ್ರೆ ಕೇಳಿ ತೆಗೀಬೇಕು, ಕೆಂಪಿದ್ರೆ ಬೇಡ. 2014ರಲ್ಲಿ ಬೆಂಗಳೂರಲ್ಲೂ ಏಡಾಕ್ಯಾಂಪ್ ಆಗಿತ್ತು, ನಮಗೆ ಹೊಸದೇನಲ್ಲ. ಇನ್ನೊಂದು, ಯಾರು ಯಾವ ರೂಮಲ್ಲಿ ಅನ್ನೋ ಲಿಸ್ಟನ್ನ ಗೋಡೆಗೆ ಅಂಟಿಸ್ಬೇಡಿ.

ಕರಿಕೋಟು

ಕಾನೂನಿನ ಕಡೆಯಿಂದ ಸ್ವಲ್ಪ. ಕೆಲಸದ ಜಾಗದಲ್ಲಿ ಹೆಂಗಸರಿಗಾಗೋ ಲೈಂಗಿಕ ಕಿರುಕುಳ ತಡೆಯೋ 2013ರ ಪಾಶ್ ಕಾಯ್ದೆ ಆಫೀಸ್ ನಾಲ್ಕು ಗೋಡೆಗಷ್ಟೇ ಅಲ್ಲ, ಕೆಲಸದ ನಿಮಿತ್ತ ಹೋದ ಜಾಗ, ಕಂಪನಿ ಕೊಟ್ಟ ಗಾಡಿ ಎಲ್ಲಾ ಸೇರುತ್ತೆ, ಹಾಗಾಗಿ ಕಂಪನಿ ಕಳಿಸಿ ಬಂದ ಮಹಿಳೆಗೆ ನಿಮ್ಮ ಹಾಲ್ ಕೂಡ ಕೆಲಸದ ಜಾಗಾನೇ. ದೂರಿಗೆ ಮೂರು ತಿಂಗಳು ಟೈಮು, ದೂರು ವಿಚಾರಿಸೋ ಸಮಿತಿಗೆ ಕಾರಣ ಸರಿ ಅನಿಸಿದ್ರೆ ಇನ್ನೂ ಮೂರು ತಿಂಗಳು ಕೊಡಬಹುದು. ಹತ್ತಕ್ಕಿಂತ ಕಮ್ಮಿ ಜನ ಕೆಲಸ ಮಾಡೋ ಕಡೆ ಆಂತರಿಕ ಸಮಿತಿ ಇರಲ್ಲ, ಅಂಥೋರಿಗೆ ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಸಮಿತಿ ಇದೆ. @ತುಂಗಾ_ತೀರ ನಿಮಗಾದ ಥರದ್ದು, ಬೇಡ ಅಂದ್ಮೇಲೂ ಹಿಂದೆ ಬೀಳೋದು, ಈಗಿನ ಭಾರತೀಯ ನ್ಯಾಯ ಸಂಹಿತೆ 78ನೇ ಕಲಮಲ್ಲಿ ಅಪರಾಧ, ಲೈಂಗಿಕ ಕಿರುಕುಳ 75ರಲ್ಲಿ. ಸಂಘಟಕರು ಪೊಲೀಸರ ಕೆಲಸ ಮಾಡೋಕ್ ಹೋಗ್ಬೇಡಿ, ಆದ್ರೆ ದೂರು ಕೊಟ್ಟಾಕೆ ಠಾಣೆಗೆ ಹೋಗ್ತೀನಿ ಅಂದ್ರೆ ಜೊತೆಗೆ ಹೋಗಿ. ಹೋಗಲ್ಲ ಅಂದ್ರೂ ನೀವು ಆತನನ್ನ ಹೊರಗೆ ಕಳಿಸಬಹುದು, ಅದಕ್ಕೆ ಎಫ್‌ಐಆರ್ ಬೇಕಿಲ್ಲ, ಹಾಗೆ ಹೊರಗೆ ಕಳಿಸಬಹುದು ಅನ್ನೋ ಸಾಲನ್ನ ನೋಂದಣಿ ಫಾರಮಲ್ಲೇ ಸೇರಿಸ್ಕೊಂಡಿರಿ.

ಕಾಫಿ_ತೋಟ

@ತುಂಗಾ_ತೀರ ಓದಿ ಬೇಜಾರಾಯ್ತು. ನಾನು ಅಂದಿದ್ದು ತಪ್ಪು. ಬ್ಯಾಡ್ಜ್ ಪ್ರಿಂಟಿಂಗ್ ಖರ್ಚು ನಾನು ಕೊಡ್ತೀನಿ.

ಮಲ್ನಾಡ್_ಪೆಂಗ್ವಿನ್

ಎಲ್ರಿಗೂ ತುಂಬಾ ಥ್ಯಾಂಕ್ಸ್. ವಾಟ್ಸಾಪ್ ಗ್ರೂಪ್ ಆಗ್ಲೇ ಮಾಡ್ಬಿಟ್ಟಿದ್ವಿ, ಇವತ್ತು ಬೆಳಿಗ್ಗೆನೇ ತೆಗೆದ್ವಿ. ನಮ್ಮೂರಲ್ಲೇ ಇರೋ ಒಬ್ರು ನಿವೃತ್ತ ಲೆಕ್ಚರರ್ ಮೇಡಂ ದೂರು ತಗೊಳೋಕೆ ಒಪ್ಕೊಂಡಿದಾರೆ, ನಮ್ಮ ಗುಂಪಿನೋರಲ್ಲ, ನಮಗೆ ಯಾರಿಗೂ ಹೆದರೋರೂ ಅಲ್ಲ. ಎರಡನೆಯೋರು ಇನ್ನೂ ಸಿಕ್ಕಿಲ್ಲ, @ನೀಲಿ_ಲ್ಯಾನ್ಯಾರ್ಡ್ ನೀವು ಬರೋಕಾಗುತ್ತಾ? ಬಸ್ ಚಾರ್ಜು, ಉಳ್ಕೊಳೋದು ನಮ್ದು. ಆ ಸೆಕೆಂಡ್ ಇಯರ್ ಹುಡುಗಿಗೆ ಮೇಡಂ ನಂಬರ್ ಕಳಿಸಿದೀನಿ.